ಬಂದೂಕಿನ ಮೇಲೆ ಕೂರುವ ಪುಟ್ಟ ಥರ್ಮಲ್ ಸೈಟ್: ದುಡ್ಡು ಹಾಕಬಹುದಾ?

ಜಗಳೂರು, ಹೊಳಲ್ಕೆರೆ, ಚನ್ನಗಿರಿ ಕಡೆ ಮೆಕ್ಕೆಜೋಳ ತೆನೆಗಟ್ಟುವ ಹೊತ್ತಿಗೆ, ಚಳ್ಳಕೆರೆ, ಮೊಳಕಾಲ್ಮೂರು ಕಡೆ ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಕಾಟ ಶುರುವಾಗುತ್ತದೆ. ಬೆಳೆ ರಕ್ಷಣೆಗೆಂದು ಲೈಸೆನ್ಸ್ ಬಂದೂಕು ಇಟ್ಟುಕೊಂಡವರು ಮೊಬೈಲಿನಲ್ಲಿ ವಿದೇಶಿ ವಿಡಿಯೊ ನೋಡಿ ಕೇಳುವ ಪ್ರಶ್ನೆ ಒಂದೇ: ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಿರುವ ಆ ಥರ್ಮಲ್ ಸೈಟ್ (ಬಿಸಿಯನ್ನು ಚಿತ್ರವಾಗಿ ತೋರಿಸುವ ಗುರಿ ಉಪಕರಣ) ತಂದು ನಳಿಗೆ ಮೇಲೆ ಕೂರಿಸಿದರೆ ಕಗ್ಗತ್ತಲಲ್ಲೂ ಹಂದಿ ಬೆಳ್ಳಗೆ ಕಾಣುತ್ತದಂತೆ, ಹೌದಾ? ಕಾಣುವುದೇನೋ ನಿಜ. ಆದರೆ ನಮ್ಮ ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹೊಲಕ್ಕೆ, ನಮ್ಮವರ ಕೈಯಲ್ಲಿರುವ ಬಂದೂಕಿಗೆ ಆ ಪುಟ್ಟ ಸೈಟು ದುಡ್ಡಿಗೆ ತಕ್ಕ ವಸ್ತು ಅಲ್ಲ. ಅಷ್ಟೇ ದುಡ್ಡಿಗೆ, ಎಷ್ಟೋ ಸಲ ಇನ್ನೂ ಕಡಿಮೆಗೆ, ಕೈಯಲ್ಲಿ ಹಿಡಿದು ಒಂದು ಕಣ್ಣಲ್ಲಿ ನೋಡುವ ಥರ್ಮಲ್ ಮಾನೋಕ್ಯುಲರ್ ಸಿಗುತ್ತದೆ. ಹೊಲ ಕಾಯುವವನಿಗೆ ಬೇಕಾದ್ದು ಅದು. ಹೀಗೆ ಹೇಳುವುದಕ್ಕೆ ಕಾರಣ ಸ್ವಲ್ಪ ಲೆಕ್ಕದಲ್ಲಿದೆ, ಸ್ವಲ್ಪ ನಮ್ಮ ನೆಲದಲ್ಲಿದೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆದ ಮೇಲೆ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ, ಅಂದರೆ ಕಾಯ್ದೆಯ ರಕ್ಷಣೆ ಇರುವ ಪ್ರಾಣಿಗಳ ಪಟ್ಟಿಯಲ್ಲಿದೆ. ಬೆಳೆ ಹಾಳು ಮಾಡುತ್ತಿದೆ ಅಂತ ನಾವೇ ತೀರ್ಮಾನಿಸಿ ಗುಂಡು ಹಾರಿಸುವಂತಿಲ್ಲ. 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರಿಂದ ಅಧಿಕಾರ ಪಡೆದ ಅಧಿಕಾರಿಯೋ ಕಾರಣ ಬರೆದು ಲಿಖಿತ ಆದೇಶ ಕೊಡಬೇಕು. ಹೊಲ ನಮ್ಮದೇ ಆಗಿರಲಿ, ಬಂದೂಕಿನ ಲೈಸೆನ್ಸ್ ಮೇಲೆ 'ಬೆಳೆ ರಕ್ಷಣೆ' ಅಂತಲೇ ಬರೆದಿರಲಿ, ಆ ಆದೇಶ ಕೈಯಲ್ಲಿ ಇಲ್ಲದೆ ಹೊಡೆದರೆ ಅದು ಬೇಟೆಯೇ. ಲೈಸೆನ್ಸು ಬಂದೂಕು ಇಟ್ಟುಕೊಳ್ಳುವುದಕ್ಕೆ ಕೊಟ್ಟದ್ದು, ಪ್ರಾಣಿ ಕೊಲ್ಲುವುದಕ್ಕೆ ಕೊಟ್ಟದ್ದಲ್ಲ. ಇನ್ನು ಸೈಟಿನ ವಿಚಾರ. ಬಂದೂಕಿನ ಮೇಲೆ ಕೂರಿಸುವ ಯಾವುದೇ ರಾತ್ರಿ ಉಪಕರಣಕ್ಕೆ ಮುಂಗಡ ಕೊಡುವ ಮೊದಲು ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ಲೈಸೆನ್ಸ್ ಶಾಖೆಗೆ ಅರ್ಜಿ ಬರೆದು ಲಿಖಿತ ಉತ್ತರ ಪಡೆಯಿರಿ. 'ಅಂಗಡಿಯವರು ಏನೂ ಆಗಲ್ಲ ಅಂದರು' ಅನ್ನುವುದು ಉತ್ತರವಲ್ಲ. ಅಮೆರಿಕದಲ್ಲಿ ತಯಾರಾದ ಥರ್ಮಲ್ ಸೈಟುಗಳು ಅಲ್ಲಿಯ ರಫ್ತು ಲೈಸೆನ್ಸ್ ಇಲ್ಲದೆ ಆ ದೇಶ ಬಿಡುವಂತಿಲ್ಲ. ಅಲ್ಲಿರುವ ನೆಂಟರ ಪೆಟ್ಟಿಗೆಯಲ್ಲಿ ತರಿಸಿಕೊಳ್ಳುತ್ತೇನೆ ಅನ್ನುವವರು ಅವರನ್ನೂ ತೊಂದರೆಗೆ ಸಿಕ್ಕಿಸುತ್ತಾರೆ.

ಒಳಗೆ ಏನಿದೆ

ನೈಟ್‌ವಿಷನ್ ಇರುವ ಚೂರುಪಾರು ಬೆಳಕನ್ನು ಹಿಗ್ಗಿಸಿ ತೋರಿಸುತ್ತದೆ. ಥರ್ಮಲ್‌ಗೆ ಬೆಳಕೇ ಬೇಡ. ಪ್ರತಿ ವಸ್ತುವೂ ತನ್ನ ಬಿಸಿಗೆ ತಕ್ಕಂತೆ ಸೂಸುವ 8ರಿಂದ 14 ಮೈಕ್ರಾನ್ ತರಂಗಾಂತರದ ಅವಗೆಂಪು ಕಿರಣವನ್ನು ಅದು ಹಿಡಿಯುತ್ತದೆ. ಈ ಕಿರಣ ಗಾಜಿನೊಳಗೆ ಹಾಯುವುದಿಲ್ಲ, ಹಾಗಾಗಿ ಲೆನ್ಸನ್ನು ಜರ್ಮೇನಿಯಂ ಎಂಬ ಧಾತುವಿನಿಂದ ಮಾಡುತ್ತಾರೆ. ಬೆಲೆ ಏರುವುದಕ್ಕೆ ಅದೂ ಒಂದು ಕಾರಣ. ಕಾರಿನ ಗಾಜಿನ ಹಿಂದೆ ಕೂತು ಥರ್ಮಲ್‌ನಲ್ಲಿ ಹೊರಗೆ ನೋಡಿದರೆ ಹೊಲ ಕಾಣುವುದಿಲ್ಲ, ಗಾಜಿನಲ್ಲಿ ನಿಮ್ಮದೇ ಮುಖದ ಮಸುಕು ಪ್ರತಿಬಿಂಬ ಕಾಣುತ್ತದೆ.

ಲೆನ್ಸಿನ ಹಿಂದೆ ಮೈಕ್ರೋಬೋಲೋಮೀಟರ್ ಎಂಬ ಸೆನ್ಸರ್. ವೆನೇಡಿಯಂ ಆಕ್ಸೈಡ್ ಬಳಿದ ಸಾವಿರಾರು ಚುಕ್ಕಿಗಳು ಅದರಲ್ಲಿವೆ. ಬಿಸಿ ತಾಕಿದಾಗ ಒಂದೊಂದು ಚುಕ್ಕಿಯ ವಿದ್ಯುತ್ ರೋಧ ಬದಲಾಗುತ್ತದೆ, ಆ ಬದಲಾವಣೆಯೇ ಪರದೆ ಮೇಲೆ ಚಿತ್ರವಾಗುತ್ತದೆ. ಈಗಿನ ಸೆನ್ಸರ್‌ಗಳಲ್ಲಿ ಒಂದು ಚುಕ್ಕಿ, ಅಂದರೆ ಒಂದು ಪಿಕ್ಸೆಲ್, 12 ಮೈಕ್ರಾನ್. ಹಳೆಯವು 17. ಪೇಟೆಯಲ್ಲಿ ಸಿಗುವ ಅಳತೆಗಳು ಮುಖ್ಯವಾಗಿ ಮೂರು: 256×192, 384×288, 640×512.

ಪುಟ್ಟ ಸೈಟು ಅಂತ ಮಾರುವುದರಲ್ಲೂ ಬಗೆಗಳಿವೆ. ಸಿಗ್ ಸೌರ್ ಕಂಪನಿಯ ಎಕೋ3 ಥರದ್ದರಲ್ಲಿ ಕಣ್ಣನ್ನು ರಬ್ಬರಿಗೆ ಒತ್ತಬೇಕಿಲ್ಲ, ತುಸು ದೂರದಿಂದಲೇ ಕಿಂಡಿಯಲ್ಲಿ ನೋಡಬಹುದು. ಹೋಲೋಸನ್ ಡಿಆರ್‌ಎಸ್ ಥರದ್ದು ಮಾಮೂಲಿ ಕೆಂಪುಚುಕ್ಕಿ ಸೈಟಿನ ಮೇಲೆ ಥರ್ಮಲ್ ಚಿತ್ರವನ್ನು ಹೊದಿಸುತ್ತದೆ. ಈ ಎರಡನೇ ಬಗೆಯಲ್ಲಿ ಥರ್ಮಲ್ ಕ್ಯಾಮೆರಾ ಒಂದು ಕಡೆ, ಕಣ್ಣು ನೋಡುವ ದಾರಿ ಇನ್ನೊಂದು ಕಡೆ. ಹಾಗಾಗಿ ಎರಡೂ ಚಿತ್ರ ಕೂಡುವುದು ಒಂದು ದೂರದಲ್ಲಿ ಮಾತ್ರ. ಅದಕ್ಕಿಂತ ಹತ್ತಿರದ ವಸ್ತುವಿನ ಬಿಸಿ ನೆರಳು ಅದರ ಮೈಯಿಂದ ಪಕ್ಕಕ್ಕೆ ಜಾರಿ ನಿಂತಂತೆ ಕಾಣುತ್ತದೆ. ಉಳಿದವು ದೊಡ್ಡ ಥರ್ಮಲ್ ಸ್ಕೋಪನ್ನೇ ಕುಗ್ಗಿಸಿದಂಥವು. ಕುಗ್ಗಿಸುವಾಗ ಮೊದಲು ಚಿಕ್ಕದಾಗುವುದು ಲೆನ್ಸು, ತೊಂದರೆ ಹುಟ್ಟುವುದೂ ಅಲ್ಲೇ.

ಡಬ್ಬದ ಮೇಲಿನ ದೂರ, ಹೊಲದ ದೂರ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಇರುವುದು 'ಡಿಟೆಕ್ಷನ್ ರೇಂಜ್ 900 ಮೀಟರ್', '1,800 ಮೀಟರ್' ಎಂಬ ಸಂಖ್ಯೆ. ಇದು ಸುಳ್ಳಲ್ಲ, ಆದರೆ ಇದರ ಅರ್ಥವೇ ಬೇರೆ. 1.8 ಮೀಟರ್ ಎತ್ತರದ ನಿಂತ ಮನುಷ್ಯ ಪರದೆಯಲ್ಲಿ 2-3 ಪಿಕ್ಸೆಲ್ ಎತ್ತರದ ಚುಕ್ಕೆಯಾಗಿ ಉಳಿಯುವ ದೂರ ಅದು. ಅಲ್ಲೇನೋ ಬಿಸಿ ಇದೆ ಅನ್ನುವುದಷ್ಟೇ ಅದರಿಂದ ಗೊತ್ತಾಗುತ್ತದೆ.

ನಿಜವಾದ ಶಕ್ತಿ ತಿಳಿಯಲು ಒಂದು ಸುಲಭ ಲೆಕ್ಕವಿದೆ. ಪಿಕ್ಸೆಲ್ ಅಳತೆಯನ್ನು ಲೆನ್ಸಿನ ಫೋಕಲ್ ಉದ್ದದಿಂದ (ಲೆನ್ಸಿನ ಹೆಸರಿನ ಜೊತೆ ಬರೆಯುವ ಮಿ.ಮೀ. ಅಂಕಿ ಇದೇ) ಭಾಗಿಸಿ 10ರಿಂದ ಗುಣಿಸಿ. ಮೊದಲನೆಯದು ಮೈಕ್ರಾನ್‌ನಲ್ಲಿ, ಎರಡನೆಯದು ಮಿಲಿಮೀಟರ್‌ನಲ್ಲಿ ಇರಬೇಕು. 100 ಮೀಟರ್ ಆಚೆ ಒಂದು ಪಿಕ್ಸೆಲ್ ಎಷ್ಟು ಸೆಂಟಿಮೀಟರ್ ಜಾಗ ನುಂಗುತ್ತದೆ ಅನ್ನುವುದು ಸಿಗುತ್ತದೆ. ಪುಟ್ಟ ಸೈಟುಗಳಲ್ಲಿ ಸಾಮಾನ್ಯವಾಗಿ 7 ಮಿ.ಮೀ. ಆಸುಪಾಸಿನ ಲೆನ್ಸು. 12ನ್ನು 7ರಿಂದ ಭಾಗಿಸಿ 10ರಿಂದ ಗುಣಿಸಿದರೆ 17 ಸೆಂ.ಮೀ. ಬೆಳೆದ ಕಾಡುಹಂದಿ ಭುಜದ ಹತ್ತಿರ ಹೆಚ್ಚುಕಡಿಮೆ 80 ಸೆಂ.ಮೀ. ಎತ್ತರ ಅಂತ ಇಟ್ಟುಕೊಂಡರೆ 100 ಮೀಟರ್‌ನಲ್ಲಿ ಅದು ಪರದೆಯ ಮೇಲೆ 5 ಪಿಕ್ಸೆಲ್ ಕೂಡ ಇಲ್ಲ. ಅದೇ 19 ಮಿ.ಮೀ. ಲೆನ್ಸಿನಲ್ಲಿ ಒಂದು ಪಿಕ್ಸೆಲ್‌ಗೆ 6.3 ಸೆಂ.ಮೀ., ಹಂದಿಗೆ 12-13 ಪಿಕ್ಸೆಲ್. 25 ಮಿ.ಮೀ. ಆದರೆ 4.8 ಸೆಂ.ಮೀ., 35 ಮಿ.ಮೀ. ಆದರೆ 3.4 ಸೆಂ.ಮೀ.

ಎಷ್ಟು ಪಿಕ್ಸೆಲ್ ಇದ್ದರೆ ಸಾಕು? 1958ರಲ್ಲಿ ಅಮೆರಿಕ ಸೇನೆಯ ಪ್ರಯೋಗಾಲಯದ ಜಾನ್ ಜಾನ್ಸನ್ ಎಂಬ ವಿಜ್ಞಾನಿ ಇದಕ್ಕೊಂದು ಅಳತೆಗೋಲು ಹಾಕಿಕೊಟ್ಟರು, ಇವತ್ತಿಗೂ ಕಂಪನಿಗಳು ಹಿಡಿದು ನಡೆಯುವುದು ಅದನ್ನೇ. ಏನೋ ಇದೆ ಅನ್ನಲು 2 ಪಿಕ್ಸೆಲ್, ಯಾವ ಬಗೆಯದು ಅನ್ನಲು 8ರ ಹತ್ತಿರ, ಇಂಥದ್ದೇ ಅನ್ನಲು 12-13. ಇದರ ಜೊತೆಗಿರುವ ಒಂದು ಷರತ್ತನ್ನು ಡಬ್ಬದ ಮೇಲೆ ಯಾರೂ ಅಚ್ಚು ಹಾಕುವುದಿಲ್ಲ. ಈ ಸಂಖ್ಯೆಗಳು ನೂರಕ್ಕೆ 50 ಸಲ ಸರಿಯಾಗಿ ಗುರುತಿಸುವ ಮಟ್ಟಕ್ಕೆ ಸಂಬಂಧಿಸಿದವು. ಅಂದರೆ 12 ಪಿಕ್ಸೆಲ್ ಇದ್ದರೂ ಇನ್ನರ್ಧ ಸಲ ಎಡವಟ್ಟು.

ಆ 12 ಪಿಕ್ಸೆಲ್ ಲೆಕ್ಕದಲ್ಲೇ ಹಂದಿಯನ್ನು ಹಂದಿ ಅಂತ ಗುರುತಿಸುವ ದೂರ 7 ಮಿ.ಮೀ. ಲೆನ್ಸಿಗೆ 39 ಮೀಟರ್, 19ಕ್ಕೆ 106, 25ಕ್ಕೆ 139, 35ಕ್ಕೆ 194. ಇಲ್ಲಿ ಡಿಜಿಟಲ್ ಜೂಮ್ ಏನೂ ಸಹಾಯ ಮಾಡುವುದಿಲ್ಲ. 4 ಪಟ್ಟು ಜೂಮ್ ಅಂದರೆ ಇರುವ ಪಿಕ್ಸೆಲ್ಲನ್ನೇ 4 ಪಟ್ಟು ಹಿಗ್ಗಿಸಿ ತೋರಿಸುವುದು. 5 ಪಿಕ್ಸೆಲ್ಲಿನ ಹಂದಿ 5 ದೊಡ್ಡ ಚೌಕಗಳ ಹಂದಿ ಆಗುತ್ತದೆ ಅಷ್ಟೆ. ಮೊಬೈಲಿಗೆ ಸಿಕ್ಕಿಸುವ ಥರ್ಮಲ್ ಕ್ಯಾಮೆರಾಗಳ ಲೆನ್ಸು ಇನ್ನೂ ಚಿಕ್ಕದು, 3-4 ಮಿ.ಮೀ. ಮೋಟಾರ್ ಸ್ಟಾರ್ಟರ್‌ನಲ್ಲಿ ಸಡಿಲಾಗಿ ಬಿಸಿಯೇರುತ್ತಿರುವ ಟರ್ಮಿನಲ್ ಹುಡುಕಲು ಅದು ಬಲು ಚೆನ್ನ, ಹೊಲ ಕಾಯಲು ದಂಡ.

ಈಗ ಬಂದೂಕಿನ ಕಡೆ ಬನ್ನಿ. ನಮ್ಮ ಹಳ್ಳಿಗಳಲ್ಲಿ ಬೆಳೆ ರಕ್ಷಣೆಗೆ ಇರುವುದು ಬಹುಪಾಲು 12 ಬೋರ್ ಒಂಟಿನಳಿಗೆ ಇಲ್ಲವೇ ಜೋಡುನಳಿಗೆ, ಕೆಲವು ಕಡೆ ನಳಿಗೆಯ ಬಾಯಿಂದ ಮದ್ದು ತುಂಬುವ ಹಳೇ ಕೇಪಿನ ಬಂದೂಕು. ಚರೆ ತುಂಬಿದ ತೋಟಾ ಕೆಲಸ ಮಾಡುವುದು 35-40 ಮೀಟರ್ ಒಳಗೆ. ಅಷ್ಟು ದೂರಕ್ಕೆ ಹೋಗುವಾಗ ಚರೆ ಹೆಚ್ಚುಕಡಿಮೆ 1 ಮೀಟರ್ ಅಗಲಕ್ಕೆ ಹರಡಿರುತ್ತದೆ. ಅದಕ್ಕೆ ರೀಟಿಕಲ್ ಎಂಬ ಕೂದಲೆಳೆಯಷ್ಟು ತೆಳ್ಳಗಿನ ಗುರಿಗೆರೆ ಯಾಕೆ ಬೇಕು? ಹೌದು, 7 ಮಿ.ಮೀ. ಲೆನ್ಸಿನ 39 ಮೀಟರೂ 12 ಬೋರಿನ 40 ಮೀಟರೂ ಕಾಗದದ ಮೇಲೆ ಸರಿಹೊಂದುತ್ತವೆ, ಮಾರುವವರು ಹೇಳುವುದೂ ಇದನ್ನೇ. ಆದರೆ 40 ಮೀಟರ್‌ಗೆ ಒಳ್ಳೆಯ ಎಲ್‌ಇಡಿ ಟಾರ್ಚು ಸಾಲದೇ? ಟಾರ್ಚಿನಲ್ಲಿ ಬಣ್ಣ ಕಾಣುತ್ತದೆ, ಕಿವಿ ಬಾಲ ಕಾಣುತ್ತದೆ, ಬಟ್ಟೆ ಉಟ್ಟಿದ್ದರೆ ಬಟ್ಟೆ ಕಾಣುತ್ತದೆ. ಹಂದಿ ಹೆದರಿ ಓಡಿದರೆ ಹೊಲ ಕಾಯುವವನ ಕೆಲಸ ಅಲ್ಲಿಗೆ ಮುಗಿಯಿತು.

ಕೂರಿಸುವ ತಾಪತ್ರಯ ಬೇರೆ. ಈ ಸೈಟುಗಳೆಲ್ಲ ಪಿಕಾಟಿನಿ ರೈಲ್ ಎಂಬ ಹಲ್ಲುಹಲ್ಲಿನ ಪಟ್ಟಿಯ ಮೇಲೆ ಬಿಗಿಯುವಂಥವು. ನಮ್ಮ ಜೋಡುನಳಿಗೆಯಲ್ಲಿ ಇರುವುದು ಎರಡು ನಳಿಗೆಗಳ ನಡುವಿನ ಪಟ್ಟಿ, ತುದಿಯಲ್ಲೊಂದು ಮಣಿ, ಅಷ್ಟೆ. ಪಟ್ಟಿಗೆ ಕಚ್ಚಿಸುವ ಕ್ಲಾಂಪು ಹಾಕಿದರೆ 12 ಬೋರಿನ ಒದೆತಕ್ಕೆ ಕೆಲವೇ ತೋಟಾದಲ್ಲಿ ಸಡಿಲಾಗುತ್ತದೆ. ಸೈಟು ನಳಿಗೆಯಿಂದ 4-5 ಸೆಂ.ಮೀ. ಮೇಲೆ ಕೂರುವುದರಿಂದ ಕೆನ್ನೆ ಹಿಡಿಯನ್ನು ಬಿಟ್ಟು ಮೇಲೇಳುತ್ತದೆ, ಒದೆತ ದವಡೆಗೆ ಬೀಳುತ್ತದೆ. ಕಣ್ಣನ್ನು ಹತ್ತಿರ ಇಡಬೇಕಾದ ಸೈಟಾದರೆ ಹುಬ್ಬು ಸೀಳುತ್ತದೆ. ಜೋಡುನಳಿಗೆಯ ಎರಡೂ ನಳಿಗೆ ತುಸು ಒಳಮುಖವಾಗಿ ಜೋಡಿಸಿದವು, ಹೊಡೆತ ಒಂದೇ ಕಡೆ ಕೂಡುವುದು ಒಂದು ದೂರದಲ್ಲಿ ಮಾತ್ರ. ಸೈಟಿನ ಗುರುತನ್ನು ಒಂದು ನಳಿಗೆಗೆ ಹೊಂದಿಸಿದರೆ ಬೇರೆ ದೂರದಲ್ಲಿ ಇನ್ನೊಂದು ನಳಿಗೆಗೆ ಅದು ಸರಿಯಲ್ಲ. ಮೂಲಭಾಗಕ್ಕೆ ಡ್ರಿಲ್ ಹಾಕಿಸಿ ರೈಲ್ ಕೂರಿಸುತ್ತೇನೆ ಅಂತ ಲೇತ್ ಅಂಗಡಿಗೆ ಹೋಗಬೇಡಿ. ಬಂದೂಕಿನ ರಿಪೇರಿಗೂ ಮಾರ್ಪಾಡಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇರುವವರೇ ಬೇಕು. ತೋಟಾ ಸಿಡಿಯುವ ಕೋಣೆಯ ಹತ್ತಿರ ತೂತು ಹೆಚ್ಚು ಆಳವಾದರೆ ಬಂದೂಕೇ ಒಡೆಯುತ್ತದೆ. ಸ್ಪ್ರಿಂಗ್ ಏರ್‌ಗನ್ ಮೇಲಂತೂ ಇಟ್ಟೇ ನೋಡಬೇಡಿ. ಅದು ಹಿಂದಕ್ಕೂ ಮುಂದಕ್ಕೂ ಎರಡು ಸಲ ಒದೆಯುತ್ತದೆ, ಹಿಂದಿನ ಒದೆತಕ್ಕೆ ಮಾತ್ರ ತಡೆಯುವ ಸೈಟುಗಳು ಒಳಗೇ ಬಿಚ್ಚಿಕೊಳ್ಳುತ್ತವೆ.

ಎಲ್ಲಕ್ಕಿಂತ ದೊಡ್ಡ ತಕರಾರು ಇನ್ನೊಂದು. ಬಂದೂಕಿನ ಮೇಲಿರುವ ಸೈಟಿನಲ್ಲಿ ಏನನ್ನು ನೋಡಬೇಕಾದರೂ ನಳಿಗೆಯನ್ನು ಅದರತ್ತ ತಿರುಗಿಸಲೇಬೇಕು. ಹೊಲದಲ್ಲಿ ಒಂದು ಸುತ್ತು ಕಣ್ಣಾಡಿಸಿದರೆ ಪಕ್ಕದ ಹೊಲದ ಅಟ್ಟಣೆಯ ಮೇಲೆ ಮಲಗಿದವನ ಮೇಲೆ, ನಾಯಿಯ ಮೇಲೆ, ಕುರಿಹಟ್ಟಿಯ ಮೇಲೆ ತುಂಬಿದ ಬಂದೂಕು ಹಾದುಹೋಗುತ್ತದೆ. ನಮ್ಮ ಕಡೆ ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದಾಗ ಮೋಟಾರ್ ಹಾಕಲು, ಗೇಟ್‌ವಾಲ್ ತಿರುಗಿಸಲು ರೈತರು 2 ಗಂಟೆಗೋ 3 ಗಂಟೆಗೋ ಹೊಲಕ್ಕೆ ಬರುತ್ತಾರೆ. ಬಗ್ಗಿ ವಾಲ್ ತಿರುಗಿಸುತ್ತಿರುವ ಮನುಷ್ಯ 80-90 ಸೆಂ.ಮೀ. ಎತ್ತರದ, ಅಡ್ಡಕ್ಕೆ ಉದ್ದವಾದ ಬಿಸಿ ಮುದ್ದೆ. 100 ಮೀಟರ್ ಆಚೆ 7 ಮಿ.ಮೀ. ಲೆನ್ಸಿನಲ್ಲಿ ಅವನಿಗೂ ಹಂದಿಗೂ ಇರುವ ವ್ಯತ್ಯಾಸ ಒಂದೆರಡು ಪಿಕ್ಸೆಲ್. ಕಂಬಳಿ ಹೊದ್ದು ಬದುವಿನ ಮೇಲೆ ಮಲಗಿದ ಕುರಿಗಾಹಿಯ ಕಥೆ ಇನ್ನೂ ಕಷ್ಟ: ಚಳ್ಳಕೆರೆಯ ದಪ್ಪ ಉಣ್ಣೆ ಕಂಬಳಿ ಮೈಬಿಸಿಯನ್ನು ಒಳಗೇ ಹಿಡಿದಿಡುತ್ತದೆ, ಅದರ ಹೊರಮೈ ಗಾಳಿಯಷ್ಟೇ ತಣ್ಣಗೆ. ಪರದೆಯಲ್ಲಿ ಕಾಣುವುದು ಮುಖದ ಒಂದು ಬಿಳಿ ತೇಪೆ. ಅದು ಮೊಲವೂ ಆಗಿರಬಹುದು, ಬೆಕ್ಕೂ ಆಗಿರಬಹುದು.

ಮಾನೋಕ್ಯುಲರ್ ಕೈಯಲ್ಲಿದ್ದರೆ ಬಂದೂಕು ಗೂಟಕ್ಕೆ ಒರಗಿಯೇ ಇರುತ್ತದೆ. ಚುನಾವಣೆ ಬಂದು ಬಂದೂಕನ್ನು ಠಾಣೆಗೆ ಒಪ್ಪಿಸಿದಾಗ ಸೈಟು ಪೆಟ್ಟಿಗೆ ಸೇರುತ್ತದೆ, ಮಾನೋಕ್ಯುಲರ್ ಕೆಲಸ ಮಾಡುತ್ತಲೇ ಇರುತ್ತದೆ.

ನಮ್ಮ ನೆಲ, ನಮ್ಮ ಬಿಸಿಲು

ಥರ್ಮಲ್ ತೋರಿಸುವುದು ಬಿಸಿಯನ್ನಲ್ಲ, ಬಿಸಿಯ ವ್ಯತ್ಯಾಸವನ್ನು. ಚಿತ್ರದುರ್ಗದ ಸುತ್ತಲಿನ ಗುಂಡುಕಲ್ಲುಗಳು ಹಗಲೆಲ್ಲ ಬಿಸಿಲು ಕುಡಿದು ನಡುರಾತ್ರಿವರೆಗೂ ಉಗುಳುತ್ತವೆ. ಏಪ್ರಿಲ್‌ನಲ್ಲಿ ಸಂಜೆ 7ಕ್ಕೆ ಕಲ್ಲುಗುಡ್ಡದ ಕಡೆ ನೋಡಿದರೆ ಗುಡ್ಡದ ತುಂಬ ಹಂದಿ ಹಿಂಡು ಕೂತಂತೆ ಬಿಳಿ ಮುದ್ದೆಗಳು. ಅಲ್ಲಾಡುವುದು ಯಾವುದು ಅನ್ನುವುದೊಂದೇ ಆಗ ಗುರುತು. ನಡುಹಗಲಿನಲ್ಲಿ ನೆಲ 40 ಡಿಗ್ರಿ ದಾಟಿದಾಗ ತಿರುಗುಮುರುಗು: ಪ್ರಾಣಿಯ ಮೈ ನೆಲಕ್ಕಿಂತ ತಣ್ಣಗಿದ್ದು ಕಪ್ಪಾಗಿ ಕಾಣುತ್ತದೆ. ಈ ಎರಡು ಸ್ಥಿತಿಗಳ ನಡುವೆ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ, ಪ್ರಾಣಿಯೂ ನೆಲವೂ ಒಂದೇ ಬಿಸಿಯಾಗಿ ಎಲ್ಲವೂ ಬೂದುಬಣ್ಣ ಆಗುವ ಹೊತ್ತೊಂದಿದೆ. ಯಂತ್ರ ಕೆಟ್ಟಿದೆ ಅಂತ ವಾಪಸ್ ಕೊಡಲು ಹೋಗುವುದು ಬಹಳ ಮಂದಿ ಆಗಲೇ. ಕಾರ್ತಿಕದಿಂದ ಮಾಘದವರೆಗೆ ಬೆಳಗಿನ ಜಾವ 3ರಿಂದ 5ರ ಹೊತ್ತು ಎಲ್ಲಕ್ಕಿಂತ ಒಳ್ಳೆಯದು. ನೆಲ ತಣ್ಣಗಾಗಿರುತ್ತದೆ, ಇಲಿ ಓಡಿದರೂ ಕಾಣುತ್ತದೆ.

ಮಳೆ ಬಂದ ರಾತ್ರಿ ಎಲೆ, ಮಣ್ಣು, ಕಲ್ಲು ಎಲ್ಲ ನೆಂದು ಒಂದೇ ಬಿಸಿಗೆ ಬರುತ್ತವೆ. ಇಲ್ಲಿ ನೆರವಿಗೆ ಬರುವುದು ಎನ್‌ಇಟಿಡಿ ಎಂಬ ಅಂಕಿ. ಸೆನ್ಸರ್ ಎಷ್ಟು ಸಣ್ಣ ವ್ಯತ್ಯಾಸವನ್ನು ಹಿಡಿಯಬಲ್ಲದು ಅನ್ನುವುದನ್ನು ಅದು ಮಿಲಿಕೆಲ್ವಿನ್‌ನಲ್ಲಿ ಹೇಳುತ್ತದೆ. 40 ಇದ್ದರೆ ಬೇಸಿಗೆ ಒಣರಾತ್ರಿಗೆ ಸಾಕು. ಮಳೆಗಾಲದಲ್ಲಿ, ಭದ್ರಾ ನಾಲೆ ಬಯಲಿನ ಗದ್ದೆಯ ತೇವದ ಗಾಳಿಯಲ್ಲಿ, 25 ಅಥವಾ ಅದಕ್ಕಿಂತ ಕಡಿಮೆ ಬೇಕು. ಜೊತೆಗೆ ಲೆನ್ಸಿನ ಎಫ್ ಸಂಖ್ಯೆ ನೋಡಿ. ಎಫ್ 1.0 ಲೆನ್ಸು ಸೆನ್ಸರಿಗೆ ಮುಟ್ಟಿಸುವ ಶಾಖದಲ್ಲಿ ಎಫ್ 1.2 ಲೆನ್ಸು ಮುಟ್ಟಿಸುವುದು ನೂರಕ್ಕೆ 70ರಷ್ಟು. ಲೆನ್ಸು ಬಡವಾದರೆ ಸೆನ್ಸರಿನ ಒಳ್ಳೆಯ ಎನ್‌ಇಟಿಡಿ ಬರೀ ಕಾಗದದಲ್ಲಿ ಉಳಿಯುತ್ತದೆ. ದಟ್ಟ ಮಂಜಿನಲ್ಲಿ ಯಾವುದೂ ಕೆಲಸ ಮಾಡದು.

ಇನ್ನು ಬೆಳೆ. ಥರ್ಮಲ್ ಎಲೆಯ ಹಿಂದೆ ಇರುವುದನ್ನು ತೋರಿಸುತ್ತದೆ ಅನ್ನುವುದು ಶುದ್ಧ ಸುಳ್ಳು. ಆಳೆತ್ತರ ಬೆಳೆದ ಮೆಕ್ಕೆಜೋಳದ ಒಳಗೆ ಹೊಕ್ಕ ಹಂದಿ ನೆಲದ ಮೇಲೆ ನಿಂತವನಿಗೆ ಯಾವ ಯಂತ್ರದಲ್ಲೂ ಕಾಣುವುದಿಲ್ಲ. ಗರಿಗಳ ಸಂದಿಯಲ್ಲಿ ಆಗೊಮ್ಮೆ ಈಗೊಮ್ಮೆ ಬಿಳಿ ಮಿಣುಕು ಕಂಡೀತು. ಅಟ್ಟಣೆ 10-12 ಅಡಿ ಎತ್ತರ ಇದ್ದು ಸಾಲುಗಳ ಉದ್ದಕ್ಕೆ ನೋಡುವಂತಿದ್ದರೆ ಸ್ವಲ್ಪ ವಾಸಿ. ಆದ್ದರಿಂದ ಮೆಕ್ಕೆಜೋಳಕ್ಕೆ ನೋಡಬೇಕಾದ ಜಾಗ ಹೊಲದ ಒಳಗಲ್ಲ, ಹಂದಿ ಬರುವ ದಾರಿ: ಹಳ್ಳದ ದಂಡೆ, ಬೀಳುಭೂಮಿ, ಕಾಡಿನ ಅಂಚು. ಅದು 150-200 ಮೀಟರ್ ಆಚೆ ಇರುತ್ತದೆ. ಪುಟ್ಟ ಲೆನ್ಸು ಕೈಕೊಡುವುದೂ ಅಲ್ಲಿಯೇ. ಶೇಂಗಾ, ಈರುಳ್ಳಿ, ಕಡಲೆ ಹೊಲಗಳು ಬಟ್ಟಬಯಲು, ಅಲ್ಲಿ ಥರ್ಮಲ್‌ಗೆ ಪೂರಾ ಬೆಲೆ ಸಿಗುತ್ತದೆ. ಚನ್ನಗಿರಿಯ ಅಡಿಕೆ ತೋಟದಲ್ಲಿ ಕಾಂಡಗಳ ನಡುವೆ 30-40 ಮೀಟರ್ ಕಂಡರೆ ಹೆಚ್ಚು.

ಹಂದಿಯೂ ಯಾವಾಗಲೂ ಒಂದೇ ಥರ ಕಾಣದು. ಹಳ್ಳದ ಕೆಸರಲ್ಲಿ ಹೊರಳಿ ನೇರ ಹೊಲಕ್ಕೆ ಬಂದ ಹಂದಿಯ ಬೆನ್ನು, ಪಕ್ಕೆ ಎಲ್ಲ ಮಂಕಾಗಿರುತ್ತದೆ. ಕಣ್ಣಿನ ಸುತ್ತ, ಕಿವಿಯ ಬುಡ, ತೊಡೆಯ ಒಳಭಾಗ ಮಾತ್ರ ಬೆಳ್ಳಗೆ. ಒಂದು ಪ್ರಾಣಿ ಪರದೆಯಲ್ಲಿ ಮೂರು ಚುಕ್ಕೆಗಳಾಗಿ ಒಡೆದು, ಮೂರು ಮರಿಗಳು ನಡೆದುಹೋದಂತೆ ಕಾಣುವುದುಂಟು. ಕೊಂಬು ಕಾಣುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ ಕೊಂಡುಕುರಿ ವನ್ಯಧಾಮದ ಸುತ್ತಲ ಹೊಲಗಳಿಗೆ ಇದು ಸಣ್ಣ ಮಾತಲ್ಲ. ಕೊಂಡುಕುರಿ, ಅಂದರೆ ನಾಲ್ಕು ಕೊಂಬಿನ ಹುಲ್ಲೆ, ಭುಜಕ್ಕೆ 60 ಸೆಂ.ಮೀ. ಆಸುಪಾಸು, ಎಳೆ ಹಂದಿಯಷ್ಟೇ, ಮತ್ತು ಅದು ಕಾಯ್ದೆಯಲ್ಲಿ ಅತಿ ಹೆಚ್ಚು ರಕ್ಷಣೆ ಇರುವ ಮೊದಲನೇ ಅನುಸೂಚಿಯ ಪ್ರಾಣಿ. ಜೋಗಿಮಟ್ಟಿ ಕಡೆ ಕರಡಿಯೂ ಚಿರತೆಯೂ ಇವೆ, ಅವೂ ಮೊದಲನೇ ಅನುಸೂಚಿಯವೇ.

ಮೊದಲು ಬೇಲಿ, ಆಮೇಲೆ ಯಂತ್ರ

ಕೈಯಲ್ಲಿರುವ ದುಡ್ಡು ಒಂದಕ್ಕೇ ಸಾಕಾಗುವುದಾದರೆ ಸೋಲಾರ್ ತಂತಿಬೇಲಿ ಮಾಡಿಸಿ. ಹಂದಿಗೆ ಕೆಳಗಿನ ಎಳೆ ನೆಲದಿಂದ 15-20 ಸೆಂ.ಮೀ.ನಲ್ಲಿ ಇರಬೇಕು, ಎರಡನೆಯದು 40-45ರಲ್ಲಿ. ಕೆಳಗಿನ ತಂತಿ ಒಂದು ಅಡಿ ಮೇಲಾದರೆ ಹಂದಿ ಮೂತಿ ತೂರಿಸಿ ನುಗ್ಗುತ್ತದೆ. ಹುಲ್ಲು ತಂತಿಗೆ ತಾಗಿದರೆ ಶಾಕ್ ನೆಲಕ್ಕೆ ಇಳಿದು ಬೇಲಿ ಸತ್ತಂತೆಯೇ, ಹಾಗಾಗಿ ಮಳೆಗಾಲದಲ್ಲಿ ಬೇಲಿ ಬುಡ ಕೀಸುತ್ತಲೇ ಇರಬೇಕು. ಎನರ್ಜೈಸರ್ (ಶಾಕನ್ನು ಚಿಕ್ಕ ಚಿಕ್ಕ ಮಿಡಿತವಾಗಿ ಕೊಡುವ ಪೆಟ್ಟಿಗೆ) ಇಲ್ಲದೆ ಮನೆ ಲೈನಿನ ಕರೆಂಟ್ ನೇರ ಕೊಡುವುದು ಅಪರಾಧ. ಅದಕ್ಕೆ ಬಲಿಯಾದವರಲ್ಲಿ ಬೇಲಿ ಹಾಕಿದವರೇ ಇದ್ದಾರೆ. ಇಷ್ಟಾಗಿಯೂ ನುಗ್ಗಿ ಬೆಳೆ ಹಾಳಾದರೆ ಪೈರು ಬಿದ್ದಿರುವಾಗಲೇ ಫೋಟೊ ತೆಗೆದು ಅರಣ್ಯ ಇಲಾಖೆಯ ಇ-ಪರಿಹಾರ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ ಪರಿಹಾರಕ್ಕೆ ಅರ್ಜಿ ಹಾಕಿಸಿ.

ಅದರ ಮೇಲೂ ದುಡ್ಡಿದ್ದರೆ ಮಾನೋಕ್ಯುಲರ್. ಅಕ್ಕಪಕ್ಕದ ನಾಲ್ಕು ಹೊಲದವರು ಕೂಡಿ ಒಂದು ಕೊಂಡು ಪಾಳಿ ಹಾಕಿಕೊಳ್ಳುವುದು ಜಾಣತನ. 384×288 ಸೆನ್ಸರ್, 19 ಅಥವಾ 25 ಮಿ.ಮೀ. ಲೆನ್ಸು ನಮ್ಮ ಹೊಲಗಳಿಗೆ ಹದವಾದದ್ದು. 19 ಆದರೆ 100 ಮೀಟರ್ ಆಚೆ 24 ಮೀಟರ್ ಅಗಲ ಒಂದೇ ನೋಟಕ್ಕೆ ಸಿಗುತ್ತದೆ, 25 ಆದರೆ 18 ಮೀಟರ್. ಚಳ್ಳಕೆರೆ ಬಯಲಿಗೆ 25, ತೋಟ ಮತ್ತು ತುಂಡು ಹೊಲಕ್ಕೆ 19. 640 ಸೆನ್ಸರ್ ಕಣ್ಣಿಗೆ ಹಬ್ಬ, ಆದರೆ ಅಮೆರಿಕದ ಪೇಟೆಯಲ್ಲೇ ಆ ದರ್ಜೆಯ ಸೈಟುಗಳು ದುಬಾರಿ. 256 ದರ್ಜೆಯ ಪುಟ್ಟ ಸೈಟುಗಳೂ ಅಗ್ಗವಲ್ಲ, ಸುಂಕ ತೆರಿಗೆ ಬೇರೆ. ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ತೋರಿಸುವ ಚಿತ್ರಗಳ ಸಂಖ್ಯೆ, 25 ಹರ್ಟ್ಜ್‌ಗೆ ಕಡಿಮೆ ಬೇಡ. ರಫ್ತು ನಿಯಮದ ತೊಡಕು ತಪ್ಪಿಸಲು 9 ಹರ್ಟ್ಜ್‌ಗೆ ಇಳಿಸಿದ ಯಂತ್ರಗಳು ಅಗ್ಗಕ್ಕೆ ಸಿಗುತ್ತವೆ, ಅವುಗಳಲ್ಲಿ ಓಡುವ ಪ್ರಾಣಿ ಕುಪ್ಪಳಿಸಿದಂತೆ ಕಾಣುತ್ತದೆ, ಕೈ ತಿರುಗಿಸಿದರೆ ಚಿತ್ರ ಹಿಂದೆ ಉಳಿಯುತ್ತದೆ.

ಬ್ಯಾಟರಿ 18650 ಎಂಬ ಉರುಟು ಲಿಥಿಯಂ ಸೆಲ್ಲಿನ ಮಾದರಿಯದಾಗಿ, ಬಿಚ್ಚಿ ಬದಲಿಸುವಂತಿದ್ದರೆ ಒಳ್ಳೆಯದು. ಒಳಗೇ ಮುಚ್ಚಿದ ಬ್ಯಾಟರಿ ಎರಡು-ಮೂರು ವರ್ಷಕ್ಕೆ ಸೊರಗಿದಾಗ ಇಡೀ ಯಂತ್ರವನ್ನೇ ಕಂಪನಿಗೆ ಕಳಿಸಬೇಕು. ಪುಟ್ಟ ಸೈಟುಗಳಲ್ಲಿ ಜಾಗ ಇಲ್ಲದ್ದರಿಂದ ಬ್ಯಾಟರಿ ಸಣ್ಣದು, ಎಷ್ಟೋ ಸೈಟುಗಳಲ್ಲಿ ಒಂದು ಪೂರ್ತಿ ರಾತ್ರಿ ಬಾರದು. ಪರದೆಯ ಬೆಳಕನ್ನು ಅತಿ ಕಡಿಮೆಗೆ ಇಟ್ಟು ನೋಡಿ, ಇಲ್ಲದಿದ್ದರೆ ಯಂತ್ರದಿಂದ ಕಣ್ಣು ತೆಗೆದ ಮೇಲೆ ಕಾಲ ಬುಡದ ಹಾವೂ ಕಾಣುವುದಿಲ್ಲ.

ನೋಡುತ್ತಿರುವಾಗ ಒಂದು ಸಣ್ಣ 'ಟಿಕ್' ಸದ್ದಾಗಿ ಚಿತ್ರ ಅರೆಕ್ಷಣ ನಿಲ್ಲುವುದುಂಟು. ಕೆಟ್ಟಿತು ಅಂತ ಗಾಬರಿಯಾಗಬೇಡಿ. ಪಿಕ್ಸೆಲ್‌ಗಳು ತಾವೇ ಬಿಸಿಯಾಗಿ ಒಂದೊಂದು ಒಂದೊಂದು ಲೆಕ್ಕ ಹೇಳತೊಡಗುತ್ತವೆ. ಒಳಗಿನ ಷಟರ್ ಮುಚ್ಚಿ ಎಲ್ಲವನ್ನೂ ಸಮ ಮಾಡಿಕೊಳ್ಳುವ ಸದ್ದು ಅದು. ಬಂದೂಕಿನ ಸೈಟಿನಲ್ಲಿ ಇದೇ ನಿಲುಗಡೆ ಕುದುರೆ ಎಳೆಯುವ ಹೊತ್ತಿಗೆ ಬಂದರೆ ಪರದೆಯಲ್ಲಿ ಇರುವುದು ಅರೆ ಸೆಕೆಂಡ್ ಹಿಂದಿನ ಚಿತ್ರ.

ಅರಣ್ಯ ಇಲಾಖೆಯ ಆದೇಶ, ರೈಲ್ ಇರುವ ರೈಫಲ್, ಸೈಟಿಗೆ ಲೈಸೆನ್ಸ್ ಶಾಖೆಯ ಒಪ್ಪಿಗೆ ಮೂರೂ ಇರುವವರು ಬೆರಳೆಣಿಕೆ. ಅಂಥವರಿಗೂ ಸಲಹೆ ಇಷ್ಟೇ: 7 ಮಿ.ಮೀ. ಪುಟ್ಟದ್ದು ಬಿಟ್ಟು ಕನಿಷ್ಠ 384 ಸೆನ್ಸರ್, 25 ಮಿ.ಮೀ. ಲೆನ್ಸಿನ ಪೂರ್ಣ ಸ್ಕೋಪ್ ನೋಡಿ, ಹುಡುಕುವುದಕ್ಕೆ ಆಗಲೂ ಬೇರೆ ಮಾನೋಕ್ಯುಲರನ್ನೇ ಬಳಸಿ. ಗುರಿ ಹೊಂದಿಸುವುದನ್ನು ಪರವಾನಗಿ ಇರುವ ರೇಂಜ್‌ನಲ್ಲೇ ಮಾಡಬೇಕು. ಬರೀ ಕಾಗದದ ಕಪ್ಪು ವೃತ್ತ ಥರ್ಮಲ್‌ಗೆ ಸರಿಯಾಗಿ ಕಾಣದು. ಅಲ್ಯೂಮಿನಿಯಂ ಟೇಪಿನ ಎರಡಿಂಚು ಚೌಕ ಅಂಟಿಸಿ ಹಲಗೆಯನ್ನು ತುಸು ಹಿಂದಕ್ಕೆ ವಾಲಿಸಿ. ಟೇಪು ತಣ್ಣನೆ ಆಕಾಶವನ್ನು ಪ್ರತಿಫಲಿಸಿ ಕಡುಕಪ್ಪು ಗುರುತಾಗಿ ನಿಲ್ಲುತ್ತದೆ.

ಯಂತ್ರ ಕೊಳ್ಳುವಾಗ, ಅದರಲ್ಲೂ ಹಳೆಯದು ಕೊಳ್ಳುವಾಗ, ಅಂಗಡಿಯಲ್ಲೇ ಮಾಡಬಹುದಾದ ಪರೀಕ್ಷೆಗಳಿವೆ. ಲೆನ್ಸಿನ ಮುಚ್ಚಳ ಹಾಕಿ ಆನ್ ಮಾಡಿ: ಪರದೆ ಒಂದೇ ಬೂದುಬಣ್ಣ ಇರಬೇಕು, ಅಲ್ಲಾಡದ ಬಿಳಿ ಅಥವಾ ಕಪ್ಪು ಚುಕ್ಕೆಗಳಿದ್ದರೆ ಅವು ಸತ್ತ ಪಿಕ್ಸೆಲ್. ಬಾಗಿದ ಗೆರೆಯಂಥ ಕಲೆ ಇದ್ದರೆ ಯಾರೋ ಅದನ್ನು ಸೂರ್ಯನ ಕಡೆ ತಿರುಗಿಸಿದ್ದಾರೆ, ಸೆನ್ಸರ್ ಸುಟ್ಟ ಗುರುತು ಅದು, ಹೋಗುವುದಿಲ್ಲ. ಜರ್ಮೇನಿಯಂ ಮೇಲಿನ ಲೇಪ ಅಂಗಿಯ ಚುಂಗಿನಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಓರೆ ಬೆಳಕಿನಲ್ಲಿ ಹಿಡಿದು ನೋಡಿ. ಆಮೇಲೆ ಒಣ ಗೋಡೆಗೆ ಅಂಗೈಯನ್ನು 5 ಸೆಕೆಂಡ್ ಒತ್ತಿ ತೆಗೆದು, ನಾಲ್ಕು ಹೆಜ್ಜೆ ಹಿಂದೆ ಸರಿದು ಯಂತ್ರದಲ್ಲಿ ನೋಡಿ. ಐದೂ ಬೆರಳಿನ ಗುರುತು ಬಿಡಿಬಿಡಿಯಾಗಿ ಕಂಡು, ಅರ್ಧ ನಿಮಿಷವಾದರೂ ನಿಂತು ನಿಧಾನ ಮಾಸಿದರೆ ಸೆನ್ಸರ್ ಚುರುಕಾಗಿದೆ. ಅಂಗೈ ಒಂದೇ ಮಬ್ಬು ಗುಡ್ಡೆಯಾಗಿ ಕಂಡು ಕೂಡಲೇ ಅಳಿಸಿಹೋದರೆ ಡಬ್ಬದ ಮೇಲೆ ಎನ್‌ಇಟಿಡಿ ಎಷ್ಟೇ ಅಚ್ಚಾಗಿರಲಿ, ಅದನ್ನು ಅಲ್ಲೇ ಬಿಟ್ಟು ಬನ್ನಿ.